ಸವೆದದ್ದೋ, ಮೊದಲೇ ಮೂಡದ್ದೋ: ಅಮೆರಿಕದ ಆರಂಭಕಾಲದ ಬೆಳ್ಳಿ ನಾಣ್ಯಗಳ ಗ್ರೇಡ್

1820ರ ದಶಕದ ಒಂದು ಕ್ಯಾಪ್ಡ್ ಬಸ್ಟ್ (ಟೋಪಿ ಹಾಕಿದ ಲಿಬರ್ಟಿಯ ಎದೆಚಿತ್ರದ) ಅರ್ಧ ಡಾಲರ್ ಕೈಗೆ ಬಂದಿದೆ ಎಂದುಕೊಳ್ಳಿ. ಹಿಮ್ಮುಖದಲ್ಲಿ ಹದ್ದಿನ ತಲೆಯ ಮೇಲೆ ಒಂದು ಪಟ್ಟಿ, ಅದರಲ್ಲಿ ‘ಇ ಪ್ಲೂರಿಬಸ್ ಯೂನಮ್’ ಎಂಬ ಬರಹ ಇರಬೇಕು. ಆದರೆ ನಡುವಿನ ನಾಲ್ಕೈದು ಅಕ್ಷರಗಳು ಇಲ್ಲವೇ ಇಲ್ಲ. ಈಚಿನ ನಾಣ್ಯಗಳನ್ನು ನೋಡಿ ಕಣ್ಣು ಪಳಗಿದವರು ಇದನ್ನು ‘ಫೈನ್’, ಅಂದರೆ ಸಾಕಷ್ಟು ಸವೆದದ್ದು, ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಅದೇ ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ಹೊರಳಿಸಿದಾಗ ಫೀಲ್ಡ್‌ನಲ್ಲಿ, ಅಂದರೆ ಚಿತ್ರವಿಲ್ಲದ ಖಾಲಿ ಜಾಗದಲ್ಲಿ, ಬೆಳಕಿನ ಪಟ್ಟೆಯೊಂದು ಕಡಿಯದೆ ಸುತ್ತು ಹೊಡೆದರೆ ಅದು 70ರ ಮಾಪಕದಲ್ಲಿ ಎಯು 55 (ಬಹುತೇಕ ಸವೆಯದ್ದು) ಅಥವಾ ಅದಕ್ಕೂ ಮೇಲಿನ ನಾಣ್ಯ. ಆ ಅಕ್ಷರಗಳು ಸವೆದು ಹೋದವಲ್ಲ, ಟಂಕಸಾಲೆಯಲ್ಲೇ ಮೂಡಿರಲಿಲ್ಲ.

1794ರಿಂದ 1836ರವರೆಗಿನ ಅಮೆರಿಕನ್ ಬೆಳ್ಳಿ ನಾಣ್ಯಗಳ ಗ್ರೇಡಿಂಗ್ (ಸ್ಥಿತಿ ನೋಡಿ ದರ್ಜೆ ಕೊಡುವುದು) ಕಷ್ಟವಾಗುವುದು ಇಲ್ಲೇ. ಎಷ್ಟು ವಿವರ ಉಳಿದಿದೆ ಎಂದು ಲೆಕ್ಕ ಹಾಕಿದರೆ ಸಾಲದು. ಇಲ್ಲದ ವಿವರ ಯಾವ ಹಂತದಲ್ಲಿ ಹೋಯಿತು ಎನ್ನುವುದು ಮುಖ್ಯ: ಅಚ್ಚೊತ್ತುವ ಮೊದಲಿನ ಖಾಲಿ ಬಿಲ್ಲೆ ತಯಾರಾಗುವಾಗಲೋ, ಅಚ್ಚನ್ನು ಉಜ್ಜಿದಾಗಲೋ, ಒತ್ತುವಾಗಲೋ, ಜೇಬು ಸೇರಿದ ಮೇಲೋ, ಅಥವಾ ನೂರು ವರ್ಷ ಕಳೆದು ಯಾರೋ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದಾಗಲೋ. ಗ್ರೇಡ್ ಕಡಿಮೆಯಾಗಬೇಕಾದದ್ದು ಮುಖ್ಯವಾಗಿ ಕೊನೆಯ ಎರಡರಿಂದ. ಮೊದಲ ಮೂರು ಬೆಲೆಯನ್ನು ಇಳಿಸಬಹುದು, ಅಂದವನ್ನು ಕೆಡಿಸಬಹುದು. ಆದರೆ ಅವು ಸವೆತವಲ್ಲ.

ತಯಾರಿಕೆಯ ಕ್ರಮ ಗೊತ್ತಿಲ್ಲದೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 1792ರ ಏಪ್ರಿಲ್ 2ರ ಕಾಯ್ದೆ ಫಿಲಡೆಲ್ಫಿಯಾದ ಟಂಕಸಾಲೆಗೆ ಅಡಿಪಾಯ ಹಾಕಿತು. ಡಾಲರಿನ ತೂಕ 416 ಗ್ರೇನ್, ಅಂದರೆ 26.96 ಗ್ರಾಂ, ಬೆಳ್ಳಿಯ ಶುದ್ಧತೆ 1664ಕ್ಕೆ 1485 ಭಾಗ, ದಶಮಾಂಶದಲ್ಲಿ 0.8924. ಅರ್ಧ ಡಾಲರ್ 13.48 ಗ್ರಾಂ, ಕಾಲು ಡಾಲರ್ 6.74, ಡೈಮ್ (ಹತ್ತು ಸೆಂಟ್) 2.70, ಹಾಫ್ ಡೈಮ್ (ಐದು ಸೆಂಟ್) 1.35. 1837ರಲ್ಲಿ ಶುದ್ಧತೆ 0.900 ಆಗಿ ಅರ್ಧ ಡಾಲರಿನ ತೂಕ 13.36 ಗ್ರಾಂಗೆ ಇಳಿಯಿತು. ಈ ಅಂಕಿಗಳು ಮುಂದೆ ನಕಲಿ ಹಿಡಿಯಲು ಬೇಕಾಗುತ್ತವೆ.

ಆ ಕಾಲದಲ್ಲಿ ಬೆಳ್ಳಿಯ ಪಟ್ಟಿಯನ್ನು ಒಂದೇ ದಪ್ಪಕ್ಕೆ ಲಟ್ಟಿಸುವುದು ಸುಲಭವಿರಲಿಲ್ಲ. ಹಾಗಾಗಿ ಬಿಲ್ಲೆಗಳನ್ನು ತುಸು ಭಾರವಾಗಿಯೇ ಕತ್ತರಿಸಿ, ಒಂದೊಂದನ್ನೂ ತೂಗಿ, ಹೆಚ್ಚಾದದ್ದನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದರು. ಈ ಕೆಲಸಕ್ಕೆ 1795ರಲ್ಲಿ ಸಾರಾ ವಾಲ್ಡ್ರೇಕ್ ಮತ್ತು ರೇಚೆಲ್ ಸಮ್ಮರ್ಸ್ ಎಂಬ ಇಬ್ಬರು ಹೆಂಗಸರನ್ನು ಟಂಕಸಾಲೆ ನೇಮಿಸಿಕೊಂಡಿತ್ತು. ಅರದ ಗೆರೆಗಳು ಒತ್ತುವಿಕೆಯಲ್ಲಿ ಅಳಿಸಿಹೋಗಬೇಕು. ಎಷ್ಟೋ ಸಲ ಹೋಗುತ್ತಿರಲಿಲ್ಲ. ತೂಕ ಕಡಿಮೆಬಿದ್ದ ಕೆಲವು ಬಿಲ್ಲೆಗಳಿಗೆ ನಡುವೆ ತೂತು ಕೊರೆದು ಬೆಳ್ಳಿಯ ತುಂಡು ಸಿಕ್ಕಿಸಿ ಆಮೇಲೆ ಅಚ್ಚೊತ್ತಿದ್ದೂ ಉಂಟು. 1795ರ ಹಲವು ಡಾಲರುಗಳಲ್ಲಿ ಈ ಬೆಳ್ಳಿ ಪ್ಲಗ್ ಕಾಣುತ್ತದೆ. 2013ರ ಜನವರಿಯಲ್ಲಿ ಒಂದು ಕೋಟಿ ಡಾಲರ್ ದಾಟಿ ಹರಾಜಾದ 1794ರ ಡಾಲರಿನಲ್ಲೂ ಅಂಥದೇ ಪ್ಲಗ್ ಇದೆ. ಆಮೇಲೆ ಯಾರೋ ಕೊರೆದ ತೂತಿಗೆ ಹಾಕಿದ ತೇಪೆಯನ್ನೂ ಇದನ್ನೂ ಬೇರೆ ಮಾಡುವುದು ಒಂದೇ ಲಕ್ಷಣ: ಟಂಕಸಾಲೆಯ ಪ್ಲಗ್ಗಿನ ಮೇಲೆ ಕೂದಲಿನ ಎಳೆ, ಗರಿಯ ಗೆರೆ ಕಡಿಯದೆ ಹಾದುಹೋಗುತ್ತದೆ. ತೇಪೆಯ ಮೇಲೆ ಅದನ್ನು ಕೈಯಿಂದ ಕೊರೆದು ಕೂಡಿಸಿರುತ್ತಾರೆ, ಆ ಕೊರೆತ ಎಲ್ಲೋ ಒಂದು ಕಡೆ ತಡವರಿಸಿರುತ್ತದೆ.

ಬಿಲ್ಲೆಯ ಅಂಚಿಗೆ ಅಕ್ಷರ ಕೂರಿಸುತ್ತಿದ್ದದ್ದು ಒತ್ತುವ ಮೊದಲೇ. ಎರಡು ಕಬ್ಬಿಣದ ಪಟ್ಟಿಗಳ ನಡುವೆ ಬಿಲ್ಲೆಯನ್ನು ಉರುಳಿಸುವ ಕಾಸ್ಟೈಂಗ್ ಯಂತ್ರದಲ್ಲಿ ಡಾಲರಿಗೆ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’ ಎಂದೂ ಅರ್ಧ ಡಾಲರಿಗೆ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಎಂದೂ ಬೀಳುತ್ತಿತ್ತು. ಬಿಲ್ಲೆ ಜಾರಿದರೆ ಅಕ್ಷರ ಒಂದರ ಮೇಲೊಂದು ಕೂರುತ್ತಿತ್ತು, ಕೆಲವು ಬಿಟ್ಟೂ ಹೋಗುತ್ತಿತ್ತು. ಅದಾದ ಮೇಲೆ ಕೈಯಿಂದ ತಿರುಗಿಸುವ ತಿರುಪು ಪ್ರೆಸ್‌ನಲ್ಲಿ, ಸುತ್ತ ಬಿಗಿಯಾದ ಬಳೆಯಿಲ್ಲದೆ ಒತ್ತುತ್ತಿದ್ದರು. ಲೋಹ ಹೊರಕ್ಕೆ ಹರಿಯಲು ದಾರಿಯಿದ್ದುದರಿಂದ ವ್ಯಾಸ ಒಂದೊಂದರಲ್ಲಿ ಒಂದೊಂದು ಥರ, ಅಂಚಿನ ಒಳಸುತ್ತಿನ ಹಲ್ಲುಗಳು ಒಂದು ಕಡೆ ಉದ್ದ, ಇನ್ನೊಂದು ಕಡೆ ಮಾಯ. ಬಿಗಿ ಬಳೆ ಡೈಮ್‌ಗೆ ಬಂದದ್ದು 1828ರಲ್ಲಿ, ಕಾಲು ಡಾಲರಿಗೆ 1831ರಲ್ಲಿ. ಉಗಿಯಿಂದ ನಡೆಯುವ ಪ್ರೆಸ್ 1836ರ ಮಾರ್ಚಿನಲ್ಲಿ. ಹಾಗಾಗಿ 1805ರ ಅರ್ಧ ಡಾಲರಿನ ಹಲ್ಲುಗಳು ಒಂದು ಬದಿಯಲ್ಲಿ ಇಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. 1836ರ ಕೊನೆಯಲ್ಲಿ ಬಂದ, ಅಂಚಿಗೆ ಅಕ್ಷರದ ಬದಲು ಗೀಟುಗಳಿರುವ ಅರ್ಧ ಡಾಲರಿಗೆ ಆ ರಿಯಾಯಿತಿ ಸಲ್ಲದು.

ವಿವರ ಮಾಯವಾಗುವ ಬಗೆಗಳಿಗೆ ಬರೋಣ. ಇದು ಒಮ್ಮೆ ತಲೆಯಲ್ಲಿ ಕೂತರೆ ಗ್ರೇಡಿಂಗಿನ ಅರ್ಧ ಕಷ್ಟ ಕಳೆದಂತೆ.

ಅಚ್ಚಿನಲ್ಲಿ ಅತಿ ಆಳವಾದ ಗುಂಡಿಯೇ ನಾಣ್ಯದಲ್ಲಿ ಅತಿ ಎತ್ತರದ ಉಬ್ಬು. ಒತ್ತಡ ಸಾಲದಿದ್ದರೆ ಲೋಹ ಕೊನೆಯಲ್ಲಿ ತುಂಬಬೇಕಾದ ಆಳದ ಗುಂಡಿ ಖಾಲಿ ಉಳಿಯುತ್ತದೆ. ಆದ್ದರಿಂದ ದುರ್ಬಲ ಒತ್ತಿನಲ್ಲಿ ಎತ್ತರದ ಜಾಗಗಳೇ ಚಪ್ಪಟೆ. ಬಳಕೆಯ ಸವೆತವೂ ಎತ್ತರದ ಜಾಗಗಳನ್ನೇ ಮೊದಲು ತಿನ್ನುತ್ತದೆ. ಎರಡೂ ಒಂದೇ ಕಡೆ ಬೀಳುವುದರಿಂದಲೇ ಗೊಂದಲ. ಮೂರನೆಯದು ಅಚ್ಚನ್ನು ಉಜ್ಜುವುದು. ಎರಡು ಅಚ್ಚುಗಳು ನಡುವೆ ಬಿಲ್ಲೆಯಿಲ್ಲದೆ ಗುದ್ದಿಕೊಂಡರೆ ಒಂದರ ಚಿತ್ರ ಇನ್ನೊಂದರ ಮೇಲೆ ಬೀಳುತ್ತಿತ್ತು. ಆ ಗುರುತು ತೆಗೆಯಲು ಅಚ್ಚಿನ ಮೈಯನ್ನು ಉಜ್ಜಿ ನಯ ಮಾಡುತ್ತಿದ್ದರು. ಮೈ ತೆಳುವಾದಾಗ ಮೊದಲು ಹೋಗುವುದು ತೆಳ್ಳಗೆ ಕೊರೆದ ಗೆರೆಗಳು, ಅಂದರೆ ನಾಣ್ಯದಲ್ಲಿ ತಗ್ಗಿನಲ್ಲಿರುವ ವಿವರ. ಕೂದಲಿನ ತುದಿಯ ಸುರುಳಿ ತಲೆಯಿಂದ ಬಿಟ್ಟು ಬೇರೆಯಾಗಿ ತೇಲಿದಂತೆ ಕಾಣುತ್ತದೆ, ಬಟ್ಟೆಯ ಸಣ್ಣ ಮಡಿಕೆ ಇಲ್ಲವಾಗುತ್ತದೆ, ಆದರೆ ಕೆನ್ನೆಯ ಮೇಲಿನ ಎತ್ತರದ ಎಳೆಗಳು ಚೂಪಾಗಿಯೇ ಇರುತ್ತವೆ. ಎತ್ತರ ಉಳಿದು ತಗ್ಗು ಹೋಗಿದ್ದರೆ ಅದು ಸವೆತ ಆಗಲು ಸಾಧ್ಯವೇ ಇಲ್ಲ. ಯಾವ ಜೇಬೂ ತಗ್ಗನ್ನು ಮೊದಲು ಸವೆಸುವುದಿಲ್ಲ.

ದುರ್ಬಲ ಒತ್ತು ಮತ್ತು ಸವೆತವನ್ನು ಬಿಡಿಸಲು ಮೂರು ಪರೀಕ್ಷೆ ನಂಬಬಹುದು. ಮೊದಲನೆಯದು ಮೈಯ ನಯ-ಒರಟು. ಒತ್ತು ತಲುಪದ ಜಾಗದಲ್ಲಿ ಬಿಲ್ಲೆಯ ಮೂಲ ಮೈ ಹಾಗೇ ಉಳಿದಿರುತ್ತದೆ: ತುಸು ಒರಟು, ಸಣ್ಣ ಸಣ್ಣ ಚುಕ್ಕಿ ಗುಳಿ, ಕೆಲವೊಮ್ಮೆ ಅರದ ಗೆರೆ. ಸವೆದ ಜಾಗ ನುಣುಪು, ಮಂಕು, ಬಣ್ಣದಲ್ಲಿ ಪಕ್ಕದ ಲೋಹಕ್ಕಿಂತ ಬೂದಿ. ಎರಡನೆಯದು ಬೆನ್ನಿನ ಪರೀಕ್ಷೆ. ಒಂದು ಬದಿಯ ದೊಡ್ಡ ಉಬ್ಬು ಲೋಹವನ್ನು ಎಳೆದುಕೊಂಡರೆ ಅದರ ಬೆನ್ನಿಗಿರುವ ಭಾಗಕ್ಕೆ ಲೋಹ ಸಾಲುವುದಿಲ್ಲ. ಅಮೆರಿಕದ ನಾಣ್ಯಗಳಲ್ಲಿ ಮುಮ್ಮುಖ ನೇರವಾಗಿದ್ದರೆ ಹಿಮ್ಮುಖ ತಲೆಕೆಳಗು. ಹಾಗಾಗಿ ಕ್ಯಾಪ್ಡ್ ಬಸ್ಟ್ ಅರ್ಧ ಡಾಲರಿನಲ್ಲಿ ಕೆಳಗಿನ ಎದೆ ಮತ್ತು ಭುಜದ ಕೊಕ್ಕೆಯ ಬೆನ್ನಿಗೆ ಬರುವುದು ಹಿಮ್ಮುಖದ ಮೇಲ್ಭಾಗದ ಆ ಬರಹದ ಪಟ್ಟಿ. ಪಟ್ಟಿಯೂ ಕೊಕ್ಕೆಯೂ ಒಟ್ಟಿಗೆ ಮಸುಕಾಗಿದ್ದು, ಅವುಗಳಿಂದ ದೂರದ ಹುಬ್ಬಿನ ಮೇಲಿನ ಕೂದಲು, ಟೋಪಿಯ ನೆತ್ತಿ, ಹದ್ದಿನ ಉಗುರುಗಳು ಚೊಕ್ಕವಾಗಿದ್ದರೆ ಅದು ಒತ್ತಿನ ದೋಷ. ಸವೆತ ಇಷ್ಟು ಆಯ್ದು ಕೆಲಸ ಮಾಡದು. ಮೂರನೆಯದು ನಕ್ಷತ್ರಗಳು. ಮುಮ್ಮುಖದ ಹದಿಮೂರು ನಕ್ಷತ್ರಗಳಲ್ಲಿ ಕೆಲವದರ ನಡುವಿನ ಗೆರೆ ಮೂಡಿಲ್ಲ, ಆದರೂ ಅವುಗಳ ಸುತ್ತ ಹೊಳಪು ಇದೆ ಎಂದರೆ ಅವು ಹುಟ್ಟಾ ಚಪ್ಪಟೆ.

ಇದರ ಅತಿರೇಕದ ಉದಾಹರಣೆ 1794ರ ಡಾಲರ್. ಒಟ್ಟು 1,758 ನಾಣ್ಯಗಳನ್ನು ಅಕ್ಟೋಬರ್ 15ರಂದು ಟಂಕಸಾಲೆ ಒಪ್ಪಿಸಿತು. ಆಗ ಇದ್ದ ಪ್ರೆಸ್ ಇಷ್ಟು ದೊಡ್ಡ ನಾಣ್ಯಕ್ಕೆ ಸಾಲುವಂಥದ್ದಲ್ಲ. ಅಚ್ಚುಗಳ ಮುಖಗಳೂ ಪರಸ್ಪರ ಸಮಾನಾಂತರವಾಗಿ ಕೂತಿರಲಿಲ್ಲ. ಪರಿಣಾಮವಾಗಿ ಮುಮ್ಮುಖದ ಎಡಬದಿಯ ನಕ್ಷತ್ರಗಳೂ ಅದರ ಬೆನ್ನಿಗಿರುವ ಹಿಮ್ಮುಖದ ಅಕ್ಷರಗಳೂ ಬಹುತೇಕ ಎಲ್ಲ ನಾಣ್ಯಗಳಲ್ಲೂ ಮಸುಕು. ಎಡಬದಿಯ ನಕ್ಷತ್ರ ನೋಡಿ ಈ ನಾಣ್ಯದ ಗ್ರೇಡ್ ಹೇಳಹೊರಟರೆ ಒಳ್ಳೆಯ ನಾಣ್ಯವೂ ‘ವೆರಿ ಗುಡ್’ ದಾಟುವುದಿಲ್ಲ. ಬಲಬದಿಯನ್ನೂ ಕೂದಲನ್ನೂ ನೋಡಿಯೇ ತೀರ್ಮಾನಿಸಬೇಕು.

ಅರದ ಗೆರೆ ಮತ್ತು ಆಮೇಲಿನ ಗೀರು, ಇವೆರಡರ ವ್ಯತ್ಯಾಸ ಹಣದ ಮಾತು. ಒಂದು ಟಂಕಸಾಲೆಯ ಕೆಲಸ, ಇನ್ನೊಂದು ಹಾನಿ. ಅರದ ಗೆರೆಗಳು ಸಾಮಾನ್ಯವಾಗಿ ಒಂದಕ್ಕೊಂದು ಸಮಾನಾಂತರ, ಒರಟು, ಅಂಚಿನಿಂದ ಒಳಕ್ಕೆ ಅಥವಾ ನಡುವಿನ ಎತ್ತರದ ಭಾಗದಲ್ಲಿ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಅಕ್ಷರದ ಬುಡಕ್ಕೆ ಬಂದಾಗ ಅಕ್ಷರ ಅದನ್ನು ಕಡಿದು ನಿಂತಿರುತ್ತದೆ, ಒತ್ತಡದಿಂದ ಗೆರೆಯ ದಡಗಳು ಚಪ್ಪಟೆಯಾಗಿರುತ್ತವೆ. ಗೀರು ಹಾಗಲ್ಲ. ಅದು ಫೀಲ್ಡ್‌ನಿಂದ ಅಕ್ಷರದ ಮೇಲೇರಿ ಮತ್ತೆ ಕೆಳಗಿಳಿಯುತ್ತದೆ, ಪಕ್ಕಕ್ಕೆ ತಳ್ಳಿದ ಲೋಹದ ಸಣ್ಣ ಏರಿ ಇರುತ್ತದೆ, ಹೊಸದಾದರೆ ಒಳಗೆ ಬಿಳಿಯಾಗಿ ಮಿಂಚುತ್ತದೆ. ಕೆನ್ನೆಗೆ ಅಡ್ಡವಾಗಿ ಆಳದ ಅರದ ಗೆರೆಗಳಿದ್ದರೆ ಗ್ರೇಡ್ ಎಷ್ಟೇ ಇರಲಿ, ಕೊಳ್ಳುವವರು ಹಿಂದೆಗೆಯುತ್ತಾರೆ; ಅದು ರುಚಿಯ ವಿಚಾರ. ಅಂಚಿನ ಬಳಿ ನಾಲ್ಕು ಗೆರೆಗಳಿದ್ದರೆ ನನ್ನ ಲೆಕ್ಕದಲ್ಲಿ ಅದೊಂದು ಲಕ್ಷಣ, ದೋಷವಲ್ಲ.

ಸಂಖ್ಯೆಗಳ ವಿಷಯ. 70ರ ಮಾಪಕವನ್ನು ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ್ದು ಬೆಳ್ಳಿಗಲ್ಲ, ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟಿಗೆ. ಅದೂ ಬೆಲೆಯ ಅನುಪಾತವಾಗಿ. ಬೆಲೆಯ ಲೆಕ್ಕ ಬೇಗನೆ ಹಳತಾಯಿತು, ಸಂಖ್ಯೆಗಳು ಮಾತ್ರ ಉಳಿದವು. 1986ರಲ್ಲಿ ಪಿಸಿಜಿಎಸ್ ಎಂಬ ಗ್ರೇಡಿಂಗ್ ಕಂಪನಿ, 1987ರಲ್ಲಿ ಅಂಥದೇ ಎನ್‌ಜಿಸಿ ಬಂದು ನಾಣ್ಯವನ್ನು ಪ್ಲಾಸ್ಟಿಕ್ ಸ್ಲ್ಯಾಬ್‌ನೊಳಗೆ ಮುದ್ರೆ ಹಾಕಿ ಇಡತೊಡಗಿದ ಮೇಲೆ ಎಲ್ಲ ಲೋಹಕ್ಕೂ ಅದೇ ಮಾಪಕ. ಜಿ (ಗುಡ್) 4, ವಿಜಿ (ವೆರಿ ಗುಡ್) 8, ಎಫ್ (ಫೈನ್) 12, ವಿಎಫ್ (ವೆರಿ ಫೈನ್) 20ರಿಂದ 35, ಇಎಫ್ (ಎಕ್ಸ್ಟ್ರೀಮ್ಲಿ ಫೈನ್) 40 ಮತ್ತು 45, ಎಯು (ಅಬೌಟ್ ಅನ್ಸರ್ಕ್ಯುಲೇಟೆಡ್) 50ರಿಂದ 58, ಆಮೇಲೆ 60ರಿಂದ ಮಿಂಟ್ ಸ್ಟೇಟ್ (ಎಂಎಸ್), ಅಂದರೆ ಚಲಾವಣೆಯಲ್ಲಿ ಸವೆಯದ್ದು.

ಕ್ಯಾಪ್ಡ್ ಬಸ್ಟ್ ಅರ್ಧ ಡಾಲರಿನಲ್ಲಿ ಇವನ್ನು ಗುರುತಿಸಲು ನೋಡಬೇಕಾದದ್ದು ಟೋಪಿಯ ಪಟ್ಟಿಯ ಮೇಲಿನ ‘ಲಿಬರ್ಟಿ’, ಭುಜದ ಕೊಕ್ಕೆ, ಅದರ ಮೇಲೆ ಇಳಿದ ಗುಂಗುರು, ಹುಬ್ಬಿನ ಮೇಲಿನ ಕೂದಲು. ಗುಡ್‌ನಲ್ಲಿ ಮುಖ ಬರೀ ಆಕಾರ, ಇಸವಿ ಮತ್ತು ಸುತ್ತಲಿನ ಅಕ್ಷರ ಮಾತ್ರ ಓದಲು ಬರುತ್ತವೆ. ವೆರಿ ಗುಡ್‌ನಲ್ಲಿ ‘ಲಿಬರ್ಟಿ’ ಮಸುಕಾಗಿ ಮೂಡುತ್ತದೆ, ಕೊಕ್ಕೆ ಇದೆಯೆಂದು ತಿಳಿಯುತ್ತದೆ, ಗುಂಗುರು ನುಣ್ಣಗಾಗಿರುತ್ತದೆ. ಫೈನ್‌ನಲ್ಲಿ ಕೊಕ್ಕೆಗೂ ಗುಂಗುರಿಗೂ ಸ್ಪಷ್ಟ ಹೊರಗೆರೆ. ವೆರಿ ಫೈನ್‌ನಲ್ಲಿ ಕೊಕ್ಕೆ ನಿಚ್ಚಳ, ಗುಂಗುರಿನ ನೆತ್ತಿ ಮಾತ್ರ ಸವೆದಿರುತ್ತದೆ, ಹುಬ್ಬಿನ ಕೂದಲು ಬೇರೆಬೇರೆಯಾಗಿ ಕಾಣತೊಡಗುತ್ತದೆ. ಇಎಫ್ 40ರಲ್ಲಿ ಗುಂಗುರುಗಳೆಲ್ಲ ಬಿಡಿಬಿಡಿ. ಎಯು 50ರಲ್ಲಿ ಕಣ್ಣಿನ ಮೇಲಿನ ಕೂದಲು ಮತ್ತು ಹದ್ದಿನ ರೆಕ್ಕೆಯ ಮೇಲಂಚಿನಲ್ಲಿ ಸವೆತದ ಸುಳಿವು ಮಾತ್ರ. ಕೊಕ್ಕೆಯೇ ದುರ್ಬಲ ಒತ್ತಿಗೆ ಮೊದಲು ಬಲಿಯಾಗುವ ಜಾಗಗಳಲ್ಲೊಂದು ಎಂಬುದನ್ನು ಮರೆಯದೆ, ಕೊಕ್ಕೆ ಮತ್ತು ಹುಬ್ಬಿನ ಕೂದಲು ಬೇರೆಬೇರೆ ಉತ್ತರ ಕೊಟ್ಟರೆ ಕೂದಲಿನ ಮಾತನ್ನೇ ನಂಬಿ.

1795ರಿಂದ 1803ರ ಇಸವಿಯವರೆಗಿನ ಡ್ರೇಪ್ಡ್ ಬಸ್ಟ್ (ಬಟ್ಟೆ ಹೊದ್ದ ಎದೆಚಿತ್ರದ) ಡಾಲರಿನಲ್ಲಿ ಬಟ್ಟೆಯ ಮಡಿಕೆಯೇ ಅಳತೆಗೋಲು. ಆಳದ ಮಡಿಕೆ ಬಿಟ್ಟು ಉಳಿದದ್ದೆಲ್ಲ ಹೋಗಿದ್ದರೆ ವೆರಿ ಗುಡ್. ಎಲ್ಲ ಮಡಿಕೆಯನ್ನೂ ಗುರುತಿಸಬಹುದು, ಕೆನ್ನೆ ಮತ್ತು ಕುತ್ತಿಗೆಯ ಪಕ್ಕ ಕೂದಲು ಸ್ವಲ್ಪ ಕಾಣುತ್ತದೆ ಎಂದರೆ ಫೈನ್. ಇಎಫ್‌ನಲ್ಲಿ ಮಡಿಕೆ, ಕೂದಲು ಎರಡೂ ನಿಚ್ಚಳ. ಎಯುನಲ್ಲಿ ಭುಜ, ಹಣೆಯ ಪಕ್ಕದ ಕೂದಲು, ಹದ್ದಿನ ಎದೆ ಇವುಗಳಲ್ಲಷ್ಟೇ ಉಜ್ಜಿದ ಗುರುತು. ಹದ್ದಿನ ಎದೆಯ ಗರಿ ಮಾತ್ರ ನಂಬಿಕೆಗೆ ಅರ್ಹವಲ್ಲ; 1798ರವರೆಗೆ ಬಳಸಿದ ಸಣ್ಣ ಹದ್ದಿನ ಚಿತ್ರದಲ್ಲಿ ಅದು ಎಷ್ಟೋ ಸಲ ಮೊದಲೇ ಮೂಡಿರುವುದಿಲ್ಲ.

ಇಎಫ್‌ನಿಂದ ಮೇಲಕ್ಕೆ ಹೋದಂತೆ ವಿವರಕ್ಕಿಂತ ಹೊಳಪು ಮುಖ್ಯವಾಗುತ್ತದೆ. ಒತ್ತುವಾಗ ಲೋಹ ಅಚ್ಚಿನ ಮೇಲೆ ಹರಿದು ಸೂಕ್ಷ್ಮ ಗೆರೆಗಳನ್ನು ಬಿಡುತ್ತದೆ. ಬೆಳಕು ಅವುಗಳ ಮೇಲೆ ಬಿದ್ದು ಗಾಲಿಯ ಕಡ್ಡಿಗಳಂತೆ ಸುತ್ತುವುದೇ ಲಸ್ಟರ್. ನೋಡುವ ಕ್ರಮ ಹೀಗೆ: ಕೋಣೆಯ ಉಳಿದ ದೀಪಗಳನ್ನು ಆರಿಸಿ, ಒಂದೇ ದೀಪದ ಕೆಳಗೆ ಒಂದು ಗೇಣು ದೂರದಲ್ಲಿ, ಅಂಚು ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ ನಾಣ್ಯವನ್ನು ಓರೆ ಮಾಡಿ ಪೂರ್ತಿ ಒಂದು ಸುತ್ತು ತಿರುಗಿಸಿ. ಮೊದಲು ಬರಿಗಣ್ಣು, ಆಮೇಲೆ 5ರಿಂದ 7 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಇನ್ನೂ ಹೆಚ್ಚಿನ ಪಟ್ಟಿನಲ್ಲಿ ನೋಡಿದರೆ ಎಲ್ಲ ನಾಣ್ಯವೂ ಕೆಟ್ಟದಾಗಿಯೇ ಕಾಣುತ್ತದೆ. ಅಚ್ಚು ಗುರುತಿಸಲು ಸರಿ, ಗ್ರೇಡಿಗೆ ಬೇಡ. ಅಕ್ಷರ ಮತ್ತು ನಕ್ಷತ್ರಗಳ ಸಂದಿಯಲ್ಲಿ ಮಾತ್ರ ಹೊಳಪು ಉಳಿದಿದ್ದರೆ ಇಎಫ್ 45ರ ಆಸುಪಾಸು. ಫೀಲ್ಡ್‌ನ ಅರ್ಧದಷ್ಟು ಇದ್ದರೆ ಎಯು 50, ಬಹುಪಾಲು ಇದ್ದರೆ 55, ಎತ್ತರದ ಜಾಗಗಳಲ್ಲಿ ಮತ್ತು ಫೀಲ್ಡ್‌ನ ನಡುವೆ ಅಲ್ಲಲ್ಲಿ ಮಾತ್ರ ಕಡಿದಿದ್ದರೆ 58. ಇವು ಅಂದಾಜಿನ ಸೂತ್ರಗಳು, ಆದರೆ ಪಳಗಿದ ವ್ಯಾಪಾರಿಗಳೂ ಹೆಚ್ಚುಕಡಿಮೆ ಹೀಗೇ ನೋಡುವುದು.

58 ಮತ್ತು 60ರ ನಡುವಿನ ಗೆರೆಯಲ್ಲೇ ಹೆಚ್ಚು ಜಗಳ. ಡಾಲರ್ ತಯಾರಿಕೆ 1804ರಲ್ಲಿ ನಿಂತುಹೋದ ಮೇಲೆ 1836ರವರೆಗೆ ಅಮೆರಿಕದ ಅತಿ ದೊಡ್ಡ ಬೆಳ್ಳಿ ನಾಣ್ಯ ಅರ್ಧ ಡಾಲರ್. ಬ್ಯಾಂಕುಗಳು ಇದನ್ನು ಮೀಸಲು ಹಣವಾಗಿ ಚೀಲಗಳಲ್ಲಿ ತುಂಬಿಟ್ಟವು. ಚೀಲ ಈ ಬ್ಯಾಂಕಿನಿಂದ ಆ ಬ್ಯಾಂಕಿಗೆ ಹೋಯಿತು, ನಾಣ್ಯ ಅಂಗಡಿಯ ಗಲ್ಲಾ ಕಾಣಲೇ ಇಲ್ಲ. ಇಷ್ಟು ಹಳೆಯ ಅರ್ಧ ಡಾಲರುಗಳು ಇಷ್ಟು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದಕ್ಕೆ ಕಾರಣ ಇದೇ. ಆದರೆ ಚೀಲದೊಳಗೆ ನಾಣ್ಯ ನಾಣ್ಯಕ್ಕೆ ಉಜ್ಜಿ ಕೆನ್ನೆ, ಟೋಪಿ, ಎದೆಯ ಮೇಲೆ ಮಂಕು ಕಲೆ ಬಿದ್ದಿರುತ್ತದೆ. ಆಮೇಲೆ ಸಂಗ್ರಾಹಕರ ಮರದ ಡ್ರಾಯರುಗಳಲ್ಲಿ ಜಾರಿಯೂ, ಹಳೆಯ ಆಲ್ಬಂಗಳ ಪಾರದರ್ಶಕ ಪಟ್ಟಿಯನ್ನು ಸರಿಸುವಾಗ ಕೆನ್ನೆಯ ಮೇಲೆ ಎಳೆದ ಸಮಾನಾಂತರ ಗೀರುಗಳಿಂದಲೂ ಅದೇ ಜಾಗ ಹಾಳು. ಇವೆಲ್ಲ ಎತ್ತರದ ಜಾಗಕ್ಕೆ ಸೀಮಿತ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಫೀಲ್ಡ್‌ನ ತೆರೆದ ಭಾಗವೂ, ಅಂದರೆ ಮುಖದ ಮುಂದಿನ ಖಾಲಿ ಜಾಗವೂ ಹೊಳಪು ಕಳೆದುಕೊಂಡಿರುತ್ತದೆ. ಕೆನ್ನೆ ಮಂಕು, ಆದರೆ ಮುಖದ ಮುಂದಿನ ಫೀಲ್ಡ್‌ನಲ್ಲಿ ಬೆಳಕಿನ ಪಟ್ಟೆ ಕಡಿಯದೆ ಹರಿಯುತ್ತದೆ ಎಂದಾದರೆ ಗ್ರೇಡಿಂಗ್ ಕಂಪನಿಗಳು ಅದನ್ನು ಎಂಎಸ್ 61, 62 ಎಂದು ಕೊಡುವುದುಂಟು. ಹಳೆಯ ಕಟ್ಟುನಿಟ್ಟಿನವರು ಅದನ್ನು ಎಯು 58 ಎನ್ನುತ್ತಾರೆ. ನನ್ನ ಮಟ್ಟಿಗೆ ಇಂಥ ಒಳ್ಳೆಯ 58, ತುಂಬ ಪೆಟ್ಟು ತಿಂದ ಎಂಎಸ್ 61ಕ್ಕಿಂತ ಚೆಂದದ ನಾಣ್ಯ.

ಇನ್ನು ಶುಚಿ ಮಾಡಿದ ನಾಣ್ಯಗಳು. ಎರಡು ಶತಮಾನ ಹಳೆಯ ಬೆಳ್ಳಿಯಲ್ಲಿ ಯಾವತ್ತೂ ಯಾರೂ ಮುಟ್ಟದ ನಾಣ್ಯ ಅಪರೂಪ. ಹತ್ತೊಂಬತ್ತನೇ ಶತಮಾನದ ಸಂಗ್ರಾಹಕರಿಗೆ ಬೆಳ್ಳಿಯೆಂದರೆ ಫಳಫಳ ಹೊಳೆಯಬೇಕಿತ್ತು, ಅವರು ತಿಕ್ಕಿದರು. ತಿಕ್ಕಿದ್ದಕ್ಕೆ ಸಾಕ್ಷಿ ಫೀಲ್ಡ್‌ನಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆ ಗೀರುಗಳು. ನಾಣ್ಯ ಹೊರಳಿಸಿದಾಗ ಒಂದು ಕೋನದಲ್ಲಿ ಮಾತ್ರ ಗುಂಪಾಗಿ ಎದ್ದು ಮತ್ತೆ ಮಾಯವಾಗುತ್ತವೆ. ಅಕ್ಷರದ ಬುಡದಲ್ಲಿ, ಬಟ್ಟೆ ತಲುಪದ ಸಂದಿಯಲ್ಲಿ ಹಳೆಯ ಕಪ್ಪು ಹಾಗೇ ಉಳಿದು, ಬಯಲು ಮಾತ್ರ ಬಿಳುಪಾಗಿದ್ದರೆ ಅನುಮಾನ ಪಡಿ. ಇದಕ್ಕೆ ತೀರಾ ಹತ್ತಿರವಾಗಿ ಕಾಣುವ ಸಹಜ ಸ್ಥಿತಿಯೂ ಇದೆ: ವಿಎಫ್, ಇಎಫ್ ನಾಣ್ಯಗಳಲ್ಲಿ ಬೂದು ಮೈ, ಅಕ್ಷರಗಳ ಸುತ್ತ ಗಾಢ ನೆರಳು. ಅದು ಬೇಡಿಕೆಯ ನಾಣ್ಯ. ವ್ಯತ್ಯಾಸ ಎರಡರ ನಡುವಣ ಸೇತುವೆಯಲ್ಲಿದೆ. ಸಹಜವಾದದ್ದರಲ್ಲಿ ಬೂದು ಮೆಲ್ಲಗೆ ಕಪ್ಪಿಗೆ ಇಳಿಯುತ್ತದೆ, ತಿಕ್ಕಿದ್ದರಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತದೆ.

ಡಿಪ್ ಮಾಡಿದ್ದು ಬೇರೆ ಜಾತಿ. ಆಮ್ಲ ಬೆರೆಸಿದ ಥಯೋಯೂರಿಯಾ ದ್ರಾವಣದಲ್ಲಿ ಅದ್ದಿದರೆ ಕಪ್ಪು ಹೋಗುತ್ತದೆ, ಅದರ ಜತೆ ಬೆಳ್ಳಿಯ ಮೇಲ್ಪದರವೂ ಹೊಳಪು ಕೊಡುವ ಸೂಕ್ಷ್ಮ ಗೆರೆಗಳೂ ತುಸು ಹೋಗುತ್ತವೆ. ಮಿಂಟ್ ಸ್ಟೇಟ್ ನಾಣ್ಯ ಒಂದು ಸಲ ಸ್ವಲ್ಪ ಹೊತ್ತಿನ ಅದ್ದನ್ನು ತಾಳಬಹುದು, ಮಾರುಕಟ್ಟೆಯೂ ಒಪ್ಪುತ್ತದೆ. ಇಎಫ್ ನಾಣ್ಯ ಅದ್ದಿದ ಮೇಲೆ ಬಿಳಿಚಿಕೊಂಡು ನಿರ್ಜೀವವಾಗಿ ಕೂರುತ್ತದೆ, ಏಕೆಂದರೆ ಕೆಳಗೆ ತೋರಿಸಲು ಹೊಳಪೇ ಉಳಿದಿರುವುದಿಲ್ಲ. ಸವೆದ ನಾಣ್ಯ ಪೂರ್ತಿ ಬಿಳಿ ಇದ್ದರೆ ಪ್ರಶ್ನೆ ಕೇಳಬೇಕಾದದ್ದು ಗ್ರೇಡಿನ ಬಗ್ಗೆ ಅಲ್ಲ, ಅದ್ದಿದ್ದರ ಬಗ್ಗೆ. ಹೀಗೆ ಬಿಳುಪಾದದ್ದು ಮತ್ತೆ ಬಣ್ಣ ಕಟ್ಟಿದರೆ ಮೈತುಂಬ ಒಂದೇ ಥರದ ನೀಲಿ-ನೇರಳೆ, ಎತ್ತರ-ತಗ್ಗಿನ ಭೇದವಿಲ್ಲದೆ ಹರಡುತ್ತದೆ.

ಹಸಿರು ಅಂಟು ಕಂಡರೆ ಅದು ಪಿವಿಸಿ ಇರುವ ಮೆತ್ತನೆ ಪ್ಲಾಸ್ಟಿಕ್ ಚೀಲದ ಕೆಲಸ. ಇದಕ್ಕೆ ಮಾತ್ರ ಮನೆಯಲ್ಲೇ ಮದ್ದಿದೆ: ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಕೆಲವು ನಿಮಿಷ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತೆಗೆದು ಹಾಗೇ ಆರಲು ಬಿಡುವುದು. ಉಜ್ಜಬಾರದು, ಒರೆಸಬಾರದು. ಉಗುರಿನ ಬಣ್ಣ ತೆಗೆಯುವ ದ್ರಾವಣ ಬೇಡ. ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ. ಅಸಿಟೋನ್ ಬೆಳ್ಳಿಯನ್ನೂ ಅದರ ಸಹಜ ಬಣ್ಣವನ್ನೂ ಮುಟ್ಟುವುದಿಲ್ಲ. ಆದರೆ ಹಸಿರು ಬಹಳ ಕಾಲ ಕೂತು ಲೋಹವನ್ನೇ ತಿಂದಿದ್ದರೆ ಆ ಗುಳಿಗಳು ಹೋಗವು.

ಅಚ್ಚಿನ ಗುರುತು ಗೊತ್ತಿದ್ದರೆ ಮೇಲಿನ ಎಲ್ಲ ಕೆಲಸವೂ ಹಗುರ. ಆ ಕಾಲದ ಅಚ್ಚುಗಳಿಗೆ ನಕ್ಷತ್ರ, ಅಕ್ಷರ, ಇಸವಿಯನ್ನು ಕೈಯಿಂದ ಒಂದೊಂದಾಗಿ ಹೊಡೆಯುತ್ತಿದ್ದರಿಂದ ಯಾವ ಎರಡೂ ಒಂದೇ ಥರ ಇಲ್ಲ. ಅರ್ಧ ಡಾಲರಿಗೆ ಓವರ್ಟನ್ ಸಂಖ್ಯೆ, ಕಾಲು ಡಾಲರಿಗೆ ಬ್ರೌನಿಂಗ್ ಸಂಖ್ಯೆ, ಡಾಲರಿಗೆ ಬೊಲೆಂಡರ್ ಸಂಖ್ಯೆ ಎಂದು ಪ್ರತಿ ಅಚ್ಚಿನ ಜೋಡಿಗೂ ಹೆಸರಿದೆ. ನಿಮ್ಮ ಕೈಯಲ್ಲಿರುವ ಜೋಡಿಯ ಸಂಖ್ಯೆ ಹುಡುಕಿ, ದೊಡ್ಡ ಹರಾಜು ಸಂಸ್ಥೆಗಳ ಹಳೆಯ ಚಿತ್ರಗಳಲ್ಲಿ ಅದೇ ಜೋಡಿಯ ಐದಾರು ನಾಣ್ಯ ನೋಡಿ. ಎಂಎಸ್ 63ರ ನಾಣ್ಯದಲ್ಲೂ ಅದೇ ನಕ್ಷತ್ರ ಚಪ್ಪಟೆ, ಅದೇ ರೆಕ್ಕೆಯ ತುದಿ ಮಸುಕು ಎಂದರೆ ನಿಮ್ಮ ನಾಣ್ಯದ ಆ ಕೊರತೆಯನ್ನು ಸವೆತದ ಲೆಕ್ಕಕ್ಕೆ ಹಾಕುವಂತಿಲ್ಲ. ಅಚ್ಚು ಮುದಿಯಾದಾಗ ನಕ್ಷತ್ರದ ಮೂಲೆಗಳು ಅಂಚಿನ ಕಡೆಗೆ ಎಳೆದಂತಾಗುವುದು, ಅಕ್ಷರದ ಬುಡ ಮೀನಿನ ಬಾಲದಂತೆ ಸೀಳುವುದು, ಮೈಮೇಲೆ ಬಿರುಕಿನ ಉಬ್ಬುಗೆರೆ ಬರುವುದು ಇವೂ ಗ್ರೇಡ್ ಇಳಿಸುವುದಿಲ್ಲ. ಹೊಸ ಅಚ್ಚಿನ ಚೂಪು ಚಿತ್ರವನ್ನು ಮನಸ್ಸಿನಲ್ಲಿಟ್ಟು ಮುದಿ ಅಚ್ಚಿನ ನಾಣ್ಯವನ್ನು ಅಳೆಯುವುದು ಆರಂಭದಲ್ಲಿ ಎಲ್ಲರೂ ಎಡವುವ ಜಾಗ.

ಗ್ರೇಡಿಗೆ ಮೊದಲು ಅಸಲಿಯೇ ಎಂಬ ಪ್ರಶ್ನೆಯೂ ಇದೆಯಲ್ಲ. ಬಸ್ಟ್ ಡಾಲರಿನ ನಕಲಿಗಳು ಹೇರಳ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು: ಸವೆದ ಅರ್ಧ ಡಾಲರ್ 13.48 ಗ್ರಾಂಗಿಂತ ಸ್ವಲ್ಪ ಕಡಿಮೆ ಬರುವುದು ಸಹಜ, ಸವೆದೂ ಹೆಚ್ಚು ತೂಗಿದರೆ ಗಂಟೆ ಬಾರಿಸಬೇಕು. ನೀರಿನಲ್ಲಿ ದಾರದಿಂದ ತೂಗುಬಿಟ್ಟು ತೂಗಿದರೆ ಅರ್ಧ ಡಾಲರ್ ಸುಮಾರು 1.31 ಗ್ರಾಂ ಕಳೆದುಕೊಳ್ಳಬೇಕು. ಅಂದರೆ ಸಾಂದ್ರತೆ 10.3ರ ಆಸುಪಾಸು. ಆ ಕಾಲದಲ್ಲೇ ಚಲಾವಣೆಗೆಂದು ಮಾಡಿದ, ಜರ್ಮನ್ ಸಿಲ್ವರ್ ಎಂಬ ಬೆಳ್ಳಿಯಿಲ್ಲದ ಮಿಶ್ರಲೋಹದ ನಕಲಿ ಅರ್ಧ ಡಾಲರುಗಳೂ ಇವೆ. ಅವನ್ನು ಬೇರೆಯಾಗಿಯೇ ಸಂಗ್ರಹಿಸುವವರಿದ್ದಾರೆ, ಆದರೆ ಬೆಳ್ಳಿಯ ಬೆಲೆ ಕೊಟ್ಟು ಕೊಳ್ಳಬಾರದು. ಇನ್ನು 1804 ಇಸವಿಯ ಡಾಲರನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಗ್ರೇಡಿಂಗಿನ ಪ್ರಶ್ನೆಯೇ ಬರುವುದಿಲ್ಲ. ಆ ಇಸವಿ ಹೊತ್ತ, ಈವರೆಗೆ ಗೊತ್ತಿರುವ ಅಸಲಿಗಳು ಹದಿನಾರು, ಎಲ್ಲವೂ 1830ರ ದಶಕದಲ್ಲೋ ಅದರಾಚೆಗೋ ಒತ್ತಿದಂಥವು, ಎಲ್ಲವೂ ಯಾರ ಬಳಿ ಇದ್ದವು ಎಂಬ ಇತಿಹಾಸ ಇರುವಂಥವು.

ಕೊನೆಗೆ ಅಂಚು. ಎಲ್ಲರೂ ಮುಮ್ಮುಖ ನೋಡುತ್ತಾರೆ, ಹಿಮ್ಮುಖ ನೋಡುತ್ತಾರೆ, ಅಂಚು ಬಿಟ್ಟುಬಿಡುತ್ತಾರೆ. ಹಾನಿಯ ಗುರುತು ಹೆಚ್ಚಾಗಿ ಅಡಗುವುದು ಅಲ್ಲೇ. ಒಂದು ಕಾಲದಲ್ಲಿ ಪದಕವಾಗಿಯೋ ಬ್ರೂಚ್ ಆಗಿಯೋ ಇದ್ದ ನಾಣ್ಯದ ಬೆಸುಗೆಯನ್ನು ಕೆರೆದು ತೆಗೆದಿದ್ದರೆ ತಲೆಯ ನೇರ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ಅಂಚಿನ ಅಕ್ಷರ ನುಣ್ಣಗಾಗಿರುತ್ತದೆ, ಬಣ್ಣವೂ ಬೇರೆ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಜೋಡಣೆಯ ಗೆರೆ, ಅದನ್ನು ಅರದಿಂದ ತೆಗೆದ ಗುರುತು. ಅಂಚಿನ ಅಕ್ಷರವೇ ಇಲ್ಲದ ಆಧುನಿಕ ನಕಲಿಗಳು ಬೇಕಾದಷ್ಟಿವೆ. ಅಸಲಿಯಲ್ಲಿ ಅಕ್ಷರಗಳು ಎಲ್ಲೋ ಒಂದು ಕಡೆ ಒತ್ತಿಕೊಂಡು, ಇನ್ನೊಂದು ಕಡೆ ಒತ್ತುವಿಕೆಯ ಭಾರಕ್ಕೆ ಚಪ್ಪಟೆಯಾಗಿ, ಓರೆಯಾಗಿ ಕೂತಿರುತ್ತವೆ. ಹಳೆಯ ಸ್ಲ್ಯಾಬ್‌ಗಳಲ್ಲಿ ಅಂಚು ಪೂರ್ತಿ ಮುಚ್ಚಿಹೋಗಿರುತ್ತದೆ. ನಾಣ್ಯವನ್ನು ನಾಲ್ಕು ಸಣ್ಣ ಹಿಡಿಗಳಲ್ಲಿ ಎತ್ತಿಹಿಡಿದು ಅಂಚು ಕಾಣುವಂತೆ ಮಾಡಿದ ಸ್ಲ್ಯಾಬ್‌ಗಳು ಆಮೇಲೆ ಬಂದವು. ಸ್ಲ್ಯಾಬ್ ಇಲ್ಲದ ನಾಣ್ಯವನ್ನು ಚಿತ್ರ ನೋಡಿ ಕೊಳ್ಳುವುದಾದರೆ ಎರಡು ಮುಖದ ಜತೆಗೆ ಅಂಚಿನ ಸುತ್ತ ಕನಿಷ್ಠ ನಾಲ್ಕು ಕಡೆಯ ಚಿತ್ರ ಮತ್ತು ತಕ್ಕಡಿಯ ಮೇಲಿಟ್ಟ ಒಂದು ಚಿತ್ರ ಕೇಳಿ ಪಡೆಯಿರಿ.